ಹಾಡು ಮುಗಿಯುವುದರೊಳಗಿನ ರಂಗೋಲಿ

ದಿನಾ ಮಾಡುವ ಕೆಲಸವನ್ನು ಕಲೆ ಎಂದು ಕರೆದವರು ಯಾರೋ ಗೊತ್ತಿಲ್ಲ. ಅವರು ಅದನ್ನು ದಿನಾ ಮಾಡಿದವರಂತೂ ಇರಲಿಕ್ಕಿಲ್ಲ. ಹಬ್ಬಕ್ಕೊಂದು ರಂಗೋಲಿ ಹಾಕುವುದು ಯಾರಿಗಾದರೂ ಬಂದೀತು. ನೆಂಟರು ಬರುತ್ತಾರೆ, ಹೊಗಳುತ್ತಾರೆ, ಹುಗ್ಗಿ ಉಂಡು ಹೋಗುತ್ತಾರೆ. ಆದರೆ ಯಾವುದೋ ಒಂದು ಸಾದಾ ಮಂಗಳವಾರ, ನಿದ್ದೆಗಣ್ಣಿನಲ್ಲೇ ಅಂಗಳಕ್ಕೆ ಸಗಣಿನೀರು ಹೊಡೆದು, ಆ ಖಾಲಿ ನೆಲದ ಮುಂದೆ ಕುಕ್ಕರುಗಾಲಿನಲ್ಲಿ ಕೂತವರಿಗೇ ಗೊತ್ತು ಅದರ ಕಷ್ಟ. ನಾನು ಹೊಸಪೇಟೆಗೆ ಸೊಸೆಯಾಗಿ ಬಂದಾಗ ನನಗೆ ಬರುತ್ತಿದ್ದ ರಂಗೋಲಿಗಳು ಎರಡೇ. ಒಂದು ಪದ್ಮ, ಇನ್ನೊಂದು, ಅದೇ ಪದ್ಮ ಸೊಟ್ಟಗಾದದ್ದು. ಎದುರುಮನೆಯ ಶಂಕ್ರಮ್ಮ ನೀರಿನ ಕೊಡ ಹೊತ್ತು ಹೋಗುವಾಗ ನಿಂತು, "ಏನವಾ, ನಿನ್ನಿ ರಂಗೋಲಿ ಅಳಿಸ್ಲೇ ಇಲ್ಲೇನು?" ಎಂದು ಕೇಳುತ್ತಿದ್ದಳು. ಪಾಪ, ಕುಹಕಕ್ಕೆ ಕೇಳುತ್ತಿರಲಿಲ್ಲ. ನಿಜವಾಗಿಯೂ ಅನುಮಾನ ಬಂದು ಕೇಳುತ್ತಿದ್ದಳು. ಅದೇ ಹೆಚ್ಚು ಚುಚ್ಚುತ್ತಿತ್ತು.

ಆ ಮನೆಗೆ ನನಗಿಂತ ಮೊದಲೇ ಬಂದು ಮೂಲೆ ಹಿಡಿದು ಕೂತದ್ದು ಇನ್ನೊಂದಿತ್ತು: ಮಾವನವರ ಗ್ರಾಮಫೋನು, ಜೊತೆಗೆ ಒಂದು ಟ್ರಂಕಿನ ತುಂಬ ಹಾಡಿನ ಪ್ಲೇಟುಗಳು. ಮಾವನವರನ್ನು ನಾನು ನೋಡಿದವಳಲ್ಲ. ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಸಂಡೂರಿಗೆ ಹೋಗಲಿ, ಬಳ್ಳಾರಿಗೆ ಹೋಗಲಿ, ಒಂದು ಪ್ಲೇಟು ಹಿಡಿಯದೆ ಮನೆಗೆ ಬಂದವರಲ್ಲವಂತೆ. ಅವರು ಹೋದಮೇಲೆ ಯಾರೂ ಅದಕ್ಕೆ ಕೀಲಿ ಕೊಟ್ಟಿರಲಿಲ್ಲ. ಪೆಟ್ಟಿಗೆಯ ಮೇಲೆ ಉಪ್ಪಿನಕಾಯಿ ಭರಣಿ ಕೂತಿತ್ತು, ಟ್ರಂಕಿನ ಮೇಲೆ ಹಾಸಿಗೆಯ ಸುರುಳಿ. ಅತ್ತೆಯ ಅಣ್ಣನ ಮಗ ಪಂಪಣ್ಣ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ. ಒಮ್ಮೆ ಬಂದವನು, "ಅತ್ತಿ, ಸುಮ್ನ ಧೂಳ ತಿನ್ನಾಕತ್ತೈತಿ. ನಂಗ ಕೊಡು, ಗಿರಣ್ಯಾಗ ಇಡ್ತೀನಿ. ಬಂದ ಮಂದಿ ಕೇಳ್ಕೊಂತ ಕುಂದರ್ತಾರ" ಎಂದ. "ಯುಗಾದಿ ಆದಮ್ಯಾಲೆ ಬಂದು ಒಯ್ಯಪ್ಪಾ" ಎಂದುಬಿಟ್ಟರು ಅತ್ತೆ. ಅದೂ ತವರಿಗೆ ಕೊಟ್ಟ ಮಾತು. ಅತ್ತೆ ಮಾತು ಕೊಟ್ಟು ತಪ್ಪಿದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡವರಿಲ್ಲ.

ಒಂದು ಹಾಡನ್ನೂ ಕೇಳದೆ ಅಷ್ಟೂ ಹಾಡು ಕಳೆದುಕೊಳ್ಳುವುದೇ ಎಂದು ನನಗೆ ಸಂಕಟವಾಯಿತು. ಧೈರ್ಯ ಮಾಡಿ, "ಅತ್ತೇರ, ಕೆಟ್ಟದ್ದು ಕೊಟ್ರ ನಿಮ್ಮ ತವರಿನ್ಯಾಗ ಏನಂತಾರ? ನಡೀತೈತೋ ಇಲ್ಲೋ ನೋಡ್ಲೇನ್ರಿ?" ಎಂದೆ. ತವರಿನ ಮಾತು ನಾಟಿತು. "ದಿನಾ ಒಂದೊಂದು ಹಚ್ಚಿ ನೋಡು. ಎಲ್ಲಾ ಒಮ್ಮೆಲೆ ಹಚ್ಚಿ ತೆಲಿ ತಿನ್ನಬ್ಯಾಡ" ಎಂದರು. ಅದು ಯುದ್ಧದ ಕಾಲ. ಅಂಗಡಿಯಲ್ಲಿ ಗ್ರಾಮಫೋನಿನ ಸೂಜಿ ಸಿಗುತ್ತಿರಲಿಲ್ಲ. ನಮ್ಮ ಯಜಮಾನರು ಯಾರದೋ ಮಾತು ಕೇಳಿ ಒಂದು ಹಿಡಿ ಜಾಲಿಮುಳ್ಳು ತಂದುಕೊಟ್ಟರು. ಜಾಲಿಗೆ ನಮ್ಮ ಕಡೆ ಬರವೆಲ್ಲಿ! ಮುಳ್ಳು ಸಿಕ್ಕಿಸಿದರೆ ಹಾಡುವವರಿಗೆಲ್ಲ ನೆಗಡಿಯಾದಂತೆ ಕೇಳಿಸುತ್ತಿತ್ತು. ಆದರೂ ಹಾಡುತ್ತಿದ್ದರು, ಪುಣ್ಯಾತ್ಮರು.

ಹೀಗೆ ಶುರುವಾಯಿತು ನನ್ನ ಕಲಾಸೇವೆ. ಬೆಳಿಗ್ಗೆ ಕೀಲಿ ಕೊಟ್ಟು, ಮುಳ್ಳು ಇಟ್ಟು, ಒಂದೇ ಓಟಕ್ಕೆ ಅಂಗಳಕ್ಕೆ ಬರುವುದು. ಹಾಡು ಮುಗಿಯುವುದರೊಳಗೆ ಅದು ಹೇಳಿದ್ದನ್ನು ಹಾಕಿ ಏಳುವುದು. ನಾಟಕದ ರಾಜನೊಬ್ಬ ಸಿಟ್ಟಿನಿಂದ ಅಬ್ಬರಿಸಿದ ದಿನ ನನ್ನ ಕೈಯಲ್ಲಿ ಮೂಡಿದ್ದು ಒಂದು ಜೋಡಿ ಮೀಸೆ. ಕಚೇರಿಗೆ ಹೊರಟ ಯಜಮಾನರು ಹೊಸ್ತಿಲಲ್ಲೇ ನಿಂತು, "ಇದನ್ನ ತುಳದು ಹೋಗ್ಲೋ, ಕೈ ಮುಗದು ಹೋಗ್ಲೋ?" ಎಂದರು. ಒಬ್ಬ ಹಾಸ್ಯಗಾರ ಪ್ಲೇಟಿನ ತುಂಬ ನಕ್ಕ ದಿನ ಹಲ್ಲಿನ ಸಾಲು ಹಾಕಿದೆ. ಶಂಕ್ರಮ್ಮ "ಜ್ವಾಳದ ತೆನಿ ಭಾಳ ಚೊಲೋ ಬಂದೈತಿ" ಎಂದು ಹೊಗಳಿದಳು. ಹೊಗಳಿಕೆಯನ್ನು ಯಾರು ತಿದ್ದುತ್ತಾರೆ? ಅತ್ತೆ ಮಾತ್ರ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಜಪಕ್ಕೆ ಕೂತಿರುತ್ತಿದ್ದರು. ಅವರಿಗೆ ಹಾಡೂ ಬೇಕಿಲ್ಲ, ರಂಗೋಲಿಯೂ ಬೇಕಿಲ್ಲ ಎಂದುಕೊಂಡಿದ್ದೆ. ಒಮ್ಮೆ ಹಾಡು ನಡುವೆಯೇ ಮಂಕಾದಾಗ ಒಳಗಿನಿಂದ, "ಮುಳ್ಳು ಮೊಂಡಾಗೈತಿ, ಬ್ಯಾರೆ ಹಾಕು" ಎಂಬ ದನಿ ಬಂತು.

ಯುಗಾದಿ ಹತ್ತಿರವಾಯಿತು. ಟ್ರಂಕಿನಲ್ಲಿ ಮುಗ್ಗಲು ವಾಸನೆ ಬರುತ್ತದೆಂದು ಅತ್ತೆಯ ಮೂಗಿಗೆ ತಿಳಿಯಿತು. ರೇಷ್ಮೆ ಸೀರೆಯಿರಲಿ, ಪುಸ್ತಕವಿರಲಿ, ಬೇಳೆಕಾಳಿರಲಿ, ಮುಗ್ಗಲಿಗೆ ನಮ್ಮಲ್ಲಿ ಒಂದೇ ಔಷಧ: ಮಾಳಿಗೆಯ ಬಿಸಿಲು. ಟ್ರಂಕಿನಲ್ಲಿ ಮೇಲಿದ್ದ ನಾಲ್ಕು ಪ್ಲೇಟುಗಳನ್ನು ತೆಗೆದು ಸಂಡಿಗೆಯ ಪಕ್ಕದಲ್ಲಿ ಹರವಿ ಬಂದರು. ನಮ್ಮೂರ ಬಿಸಿಲಿಗೆ ಭೇದವಿಲ್ಲ. ಸಂಡಿಗೆ ಒಣಗಿದವು, ಪ್ಲೇಟುಗಳು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಅಂಚು ಎತ್ತಿದವು. ಅತ್ತೆ ಅವನ್ನು ಮಡಿಲಲ್ಲಿಟ್ಟುಕೊಂಡು, "ಅವ್ರು ತಂದಿದ್ದನ್ನ ನಾನs ಹಾಳು ಮಾಡಿದ್ನೆಲ್ಲೇ ಗೌರೀ" ಎಂದು ಕಣ್ಣೀರು ಹಾಕಿದರು. ಅಷ್ಟು ಗಟ್ಟಿ ಹೆಂಗಸು ಅತ್ತದ್ದನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಮರುದಿನ ಬೇಕೆಂದೇ ಅದರಲ್ಲೊಂದನ್ನು ಹಚ್ಚಿದೆ. ಹಾಡುವವನ ದನಿ ಏಳುತ್ತಿತ್ತು, ಮುಳುಗುತ್ತಿತ್ತು. ತುಂಬಿದ ಹೊಳೆಯಲ್ಲಿ ಹರಿಗೋಲು ಹತ್ತಿ ಕೂತಂತಿತ್ತು. ನನ್ನ ಕೈ ತಾನಾಗಿ ಅಲೆ ಎಳೆಯಿತು, ನಡುವೆ ಒಂದು ದುಂಡನೆಯ ಹರಿಗೋಲು. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. "ಆನೆಗೊಂದಿಗೆ ಹೋಗಾಗ ಹರಿಗೋಲಿನ್ಯಾಗ ಕುಂತು ಅವ್ರು ಹಿಂಗs ಹಾಡ್ತಿದ್ರು" ಎಂದರು. "ಈಜು ಬರ್ತಿರ್ಲಿಲ್ಲ. ಹೆದರಿಕಿಗೆ ದನಿ ನಡಗ್ತಿತ್ತು." ಹೇಳಿ ಬಾಯಿಗೆ ಸೆರಗು ಹಚ್ಚಿ ನಕ್ಕರು.

ಯುಗಾದಿ ಕಳೆಯಿತು. ಪಂಪಣ್ಣ ಗಾಡಿ ಹೂಡಿಕೊಂಡು ಬಂದೇ ಬಂದ. ಗಾಡಿಯಲ್ಲಿ ಹುಲ್ಲಿನ ಮೆತ್ತೆ ಹಾಸಿದ್ದ. ಅತ್ತೆ ಹೋಳಿಗೆ ಬಡಿಸಿದರು, ತುಪ್ಪ ಸುರಿದರು, ಅವನು ಕೈ ತೊಳೆದ ಮೇಲೆ ನಿಧಾನಕ್ಕೆ ಹೇಳಿದರು: "ಪಂಪಣ್ಣಾ, ಕೊಡಾಕ ಬರಂಗಿಲ್ಲಪ್ಪಾ. ನಮ್ಮ ಸೊಸಿ ಭಾಳ ದಡ್ಡಿ. ಪೆಟ್ಟಿಗಿ ಹಾಡ್ಲಿಲ್ಲಂದ್ರ ಆಕಿಗೆ ಒಂದು ರಂಗೋಲಿ ಹಾಕಾಕ ಬರಂಗಿಲ್ಲ. ಬಾಗಲಾ ಬೋಳು ಇಟ್ಕೊಂಡು ಕುಂದರ್ಲೇನು ನಾನು?" ಶಂಕ್ರಮ್ಮ ಕರೆಯದೆಯೇ ಬಂದು, "ಖರೆ ಐತ್ರಿ, ನಾನs ಕಣ್ಣಾರೆ ನೋಡೀನಿ" ಎಂದು ಸಾಕ್ಷಿ ನುಡಿದಳು. ನಮ್ಮ ಯಜಮಾನರೂ ತಲೆಯಾಡಿಸಿದರು; ಅಷ್ಟು ಜೋರಾಗಿ ಆಡಿಸುವ ಅಗತ್ಯವಿರಲಿಲ್ಲ. ಪಂಪಣ್ಣ ನನ್ನನ್ನು ಕನಿಕರದಿಂದ ನೋಡಿ, "ಹೋಗ್ಲಿ ಬಿಡತ್ತಿ, ಏನ್ ಮಾಡಾಕಾಕ್ಕೈತಿ" ಎಂದು ಬರಿಗಾಡಿ ಹೊಡೆದುಕೊಂಡು ಹೋದ.

ಕೊಟ್ಟ ಮಾತು ಮುರಿಯಲು ಅತ್ತೆಗೆ ಮರ್ಯಾದೆಯ ಕಾರಣವೊಂದು ಬೇಕಿತ್ತು. ನನ್ನ ದಡ್ಡತನ ಆ ಉಪಕಾರ ಮಾಡಿತು. ನನ್ನನ್ನು ಅಷ್ಟು ಪ್ರೀತಿಯಿಂದ ಯಾರೂ ಬೈದಿಲ್ಲ, ಆ ಬೈಗುಳಕ್ಕೆ ನಾನು ಇಂದಿಗೂ ಋಣಿ. ಆದರೆ ಸುದ್ದಿ ಕಂಪ್ಲಿಯ ಬಳಗಕ್ಕೆಲ್ಲ ಹಬ್ಬಿತು. ಅಲ್ಲಿನ ಮದುವೆಮನೆಗಳಲ್ಲಿ ಯಾರಾದರೂ ರಂಗೋಲಿ ಬಟ್ಟಲು ಹಿಡಿದು ಬಂದರೆ, ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ನಂಗ ಬರಂಗಿಲ್ರಿ" ಎನ್ನುತ್ತೇನೆ. ಬರುತ್ತದೆಂದು ಗೊತ್ತಾದರೆ ಪಂಪಣ್ಣ ಮತ್ತೆ ಗಾಡಿ ಹೂಡಿಯಾನು.