ನಮ್ಮ ಡಬ್ಬಿ ನಾವು ಉಣ್ಣುವಂತಿಲ್ಲ

ನಮ್ಮ ಆಫೀಸಿನಲ್ಲಿ ದಿನವೂ ಹಾಡಹಗಲೇ ಕಳ್ಳತನವಾಗುತ್ತದೆ. ಕಳ್ಳರು ಯಾರೆಂದು ಮ್ಯಾನೇಜರಿಗೂ ಗೊತ್ತು. ಎಲ್ಲರಿಗಿಂತ ಮೊದಲು ಮಾಲು ಒಪ್ಪಿಸುವವರು ಮ್ಯಾನೇಜರೇ!

ಲಕಮನಹಳ್ಳಿಯ ಸಣ್ಣದೊಂದು ಪಂಪ್ ಕಾರ್ಖಾನೆಗೆ, ಡ್ರಾಯಿಂಗ್ ವಿಭಾಗದ ಇಂಟರ್ನ್ ಆಗಿ ಸೇರಿದಾಗ ನನ್ನ ಯೋಜನೆ ಸರಳವಾಗಿತ್ತು. ಆರು ತಿಂಗಳು ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದು, ಆಮೇಲೆ ಅಲ್ಲಿಯೇ ನೌಕರಿ ಗಿಟ್ಟಿಸುವುದು. ನೌಕರಿ ನನಗೆ ತೀರ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡಿರುವುದು ಹುಟ್ಟಿನಿಂದ ಬಂದ ಅಭ್ಯಾಸ. ಆದರೆ ವಿಭಾಗದ ಹಿರಿಯರಾದ ಅಕ್ಕಾವರ ಎದುರು ಯಾರ ಯೋಜನೆ ನಡೆದೀತು?

ಮೊದಲ ದಿನ ಕಂಪ್ಯೂಟರಿನ ಮರೆಯಲ್ಲಿ ನಾನು ಡಬ್ಬಿ ಬಿಚ್ಚುವಷ್ಟರಲ್ಲಿ ಕೈಯೊಂದು ಬಂದು ಅದನ್ನು ಎತ್ತಿಕೊಂಡಿತು.

"ಅಕ್ಕಾವ್ರ, ಅದು ನಂದ್ರಿ."

"ಗೊತ್ತೈತೆವಾ, ಅದಕ್ಕ ಒಯ್ಯಾಕತ್ತೇನಿ. ತನ್ನ ಡಬ್ಬಿ ತಾನು ಉಣ್ಣಾಕ ಮನಿ ಐತಿ. ಇಲ್ಲಿ ಇಷ್ಟು ಮಂದಿ ಅದೇವಲ್ಲ!"

ಇದು ಅಕ್ಕಾವರ ಕಾನೂನು. ಎಲ್ಲರ ಡಬ್ಬಿ ಕಿತ್ತುಕೊಂಡು ಅದಲುಬದಲು ಮಾಡಿ ಹಂಚುವುದು; ಎಲ್ಲರ ಊಟವಾದ ಮೇಲೆ, ಉಳಿದ ಒಂದನ್ನು ತಮ್ಮ ಟೇಬಲ್ಲಿಗೆ ಒಯ್ದು ಉಣ್ಣುವುದು. ಅಂದು ನನಗೆ ಸಿಕ್ಕದ್ದು ಉಣಕಲ್ಲಿನಿಂದ ಬರುವ ಡ್ರಿಲ್ಲಿಂಗ್ ಮಷಿನ್ನಿನ ಅಣ್ಣನ ಡಬ್ಬಿ. ರೊಟ್ಟಿಯ ಜೊತೆ ಕೆಂಪು ಮೆಣಸಿನಕಾಯಿಯ ರಂಜಕ! ಕಣ್ಣು, ಮೂಗು ಎರಡರಲ್ಲೂ ನೀರು.

"ಅಳವಾ, ಅಳು," ಎಂದು ಅಕ್ಕಾವರು ಬೆನ್ನು ಸವರಿದರು. "ಮೊದಲನೇ ದಿನ ಎಲ್ಲಾರೂ ಅಳ್ತಾರ. ನೀ ರುಚಿಯಾಗಿ ಅಳಾಕತ್ತಿ."

ಮಾತು ತಪ್ಪಿಸಿಕೊಳ್ಳಲು ನನಗೆ ಇ-ಮೇಲ್ ಇತ್ತಲ್ಲ! ನಾಲ್ಕು ಕುರ್ಚಿ ಆಚೆ ಕುಳಿತ ಅಕ್ಕಾವರಿಗೆ ನನ್ನ ಸಂಶಯಗಳನ್ನೆಲ್ಲ ನೀಟಾಗಿ ಬರೆದು ಕಳಿಸಿದೆ. ಇಡೀ ವಿಭಾಗಕ್ಕೆ ಕೇಳುವಂತೆ ಉತ್ತರ ಬಂತು: "ನಿನ್ನ ಮೇಲ್ ಬಂತವಾ. ನೀ ಯಾವಾಗ ಬರ್ತಿ?"

ಒಂದು ದಿನ ಮ್ಯಾನೇಜರು ನನ್ನೆದುರಿಗೇ ಅಕ್ಕಾವರನ್ನು ಕೇಳಿದರು: "ಕೆಲಸ ಛಲೋ ಮಾಡ್ತಾರ. ಆದ್ರ ಮಂದಿ ಜೋಡಿ ಬೆರೀಲಿಲ್ಲಂದ್ರ ಹೆಂಗ ಇಟ್ಕೊಳ್ಳೂದ್ರಿ? ಇವರಿಗೆ ಬಾಯಿ ಐತೋ ಇಲ್ಲೋ?"

"ಐತ್ರಿ ಸರ. ಊಟಾ ಮಾಡೂದು ನಾನ ನೋಡೇನಿ!"

ನನಗೂ ನಗು ಬಂತು, ಬೆನ್ನಿಗೇ ಚಿಂತೆಯೂ. ನೌಕರಿ ಕೈತಪ್ಪುವುದು ನನ್ನ ಮೌನದಿಂದಲೇ?

ಬಾಯಿ ಇರುವುದು ಐದನೆಯ ತಿಂಗಳಲ್ಲಿ ಸಾಬೀತಾಯಿತು. ನಾನು ಡ್ರಾಯಿಂಗ್ ಮಾಡಿದ ಪಂಪಿನ ಹೊರಕವಚಕ್ಕೆ ತೂತು ಕೊರೆಯುವ ದಿನ. ಇದ್ದದ್ದು ಒಂದೇ ಕವಚ. ಅದು ಮಷಿನ್ನಿಗೆ ಏರಿದ ಮೇಲೆ ನನಗೆ ಹೊಳೆಯಿತು: ಬಲಕ್ಕೆ ಬರಬೇಕಾದ ತೂತನ್ನು ಎಡಕ್ಕೆ ತೋರಿಸಿದ್ದೇನೆ! ಮೊದಲ ತಿಂಗಳಾಗಿದ್ದರೆ ಮೇಲ್ ಬರೆಯುತ್ತಿದ್ದೆನೇನೋ. ಆದರೆ ಮಷಿನ್ನಿನ ಮುಂದಿದ್ದವನು ನನ್ನನ್ನು ಅಳಿಸಿದ ರಂಜಕದ ಅಣ್ಣ. ಓಡಿದೆ.

"ಅಣ್ಣಾ, ನಿಂದ್ರಸ್ರೀ!"

ಮಷಿನ್ ನಿಂತಿತು. ಅಣ್ಣ ಸುತ್ತಲೂ ನೋಡಿ, "ಯಾರು ಒದರಿದ್ರು?" ಎಂದ. ಎಲ್ಲರೂ ನನ್ನತ್ತ ಬೆರಳು ತೋರಿಸಿದರೂ ಅವನು ನಂಬಲಿಲ್ಲ!

ಆರನೆಯ ತಿಂಗಳ ಕೊನೆಗೆ ಮ್ಯಾನೇಜರು, "ಇಲ್ಲೇ ಇರ್ರಿ," ಎಂದರು. ಸುದ್ದಿಯನ್ನು ಮೊದಲು ಅಕ್ಕಾವರಿಗೆ ಹೇಳಬೇಕೆಂದರೆ ಅವರು ಅಂದೇ ರಜೆ. ಡಬ್ಬಿ ಹಂಚುವ ಅಧಿಕಾರ ಅಣ್ಣನಿಗೆ ಬಂದಿತ್ತು. ನನ್ನ ಡಬ್ಬಿ ಅವನ ಪಾಲಿಗೆ.

ಬೆಳಿಗ್ಗೆ, ರಾತ್ರಿ ಮಾಳಮಡ್ಡಿಯ ಖಾನಾವಳಿಯಲ್ಲಿ ಉಣ್ಣುವ ನನಗೆ ಬರುವ ಒಂದೇ ಅಡುಗೆ ಮೊಸರನ್ನ. ಖಾಲಿಯಾಗಿ, ತೊಳೆದು ಬರುತ್ತಿದ್ದ ಡಬ್ಬಿ ಕಂಡು ದಿನವೂ ಒಳಗೊಳಗೇ ಬೀಗುತ್ತಿದ್ದೆ.

ಅಣ್ಣ ಒಂದು ತುತ್ತಿಗೇ ನಿಲ್ಲಿಸಿದ. "ತಂಗೀ, ನಿಮ್ಮ ಮನ್ಯಾಗ ಉಪ್ಪು ತಿನ್ನಂಗಿಲ್ಲೇನು?"

ತಿಂದು ನೋಡಿದೆ. ನನ್ನ ಡಬ್ಬಿಯ ಅನ್ನ ನಾನು ತಿಂದದ್ದು ಅದೇ ಮೊದಲು. ಅಮ್ಮ ಫೋನಿನಲ್ಲಿ ಹೇಳಿಕೊಟ್ಟಾಗ ಉಪ್ಪಿನ ಮಾತು ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ, ಕೇಳುವುದು ನನ್ನ ಜಾಯಮಾನವೇ ಅಲ್ಲವಲ್ಲ!

"ಮತ್ತ ಇಷ್ಟು ದಿನ ಇದನ್ನ ಯಾರು ಉಂಡ್ರು?"

"ಇನ್ಯಾರು, ಅಕ್ಕಾವ್ರು. 'ಈ ಹುಡುಗಿ ಕೈರುಚಿ ಭಾಳ ಛಲೋ ಐತಿ, ಇದು ನಂದ' ಅಂತಿದ್ರು. ನಮಗ ಒಂದ ದಿನಾನೂ ಮುಟ್ಟಗೊಡಲಿಲ್ಲ."

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಚ್ಚುವ ಮೊದಲು ಅಕ್ಕಾವರ ಟೇಬಲ್ಲಿನ ಮುಂದೆ ಹೋಗಿ ನಿಂತೆ. ನೌಕರಿಯ ಸುದ್ದಿ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅಕ್ಕಾವ್ರ, ಇವತ್ತ ಉಪ್ಪು ಹಾಕೇನ್ರಿ."

ಅವರು ಡಬ್ಬಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು.

"ಅಯ್ಯ, ರುಚಿ ಕೆಡಿಸಿದೆಲ್ಲವಾ!"

ಹಾಗೆಂದವರು ಡಬ್ಬಿಯನ್ನು ಮಾತ್ರ ಯಾರ ಕೈಗೂ ಸಿಗದಂತೆ ತಮ್ಮ ಡ್ರಾಯರಿನೊಳಗೆ ಇಟ್ಟುಕೊಂಡರು.