ವ್ಯಾನಿನ ಬೆನ್ನೇರಿದ ಬೈಕು

ನಮ್ಮ ಕಡೆ ಮನುಷ್ಯ ವಿಚಿತ್ರವಾಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ವಾಹನ ವಿಚಿತ್ರವಾಗಿದ್ದರೆ ಊರೇ ಕೆಲಸ ಬಿಟ್ಟು ಬರುತ್ತದೆ. ನನ್ನ ವೃತ್ತಿಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದೇ ದಿನದಲ್ಲಿ ಇಷ್ಟೊಂದು ನಡೆದದ್ದು ಮಾತ್ರ ಒಮ್ಮೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರ. ಚನ್ನಗಿರಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎರಡು ವರ್ಷ ಕಿಟಕಿಗಳಿಗೆ ಸರಳು ಕೂಡಿಸಿದ ಮೇಲೆ, ಓದಿಗೆ ತಕ್ಕ ಮೊದಲ ಕೆಲಸ ಸಿಕ್ಕಿತ್ತು. ಜಗಳೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಹಳೆಯ ವ್ಯಾನಿನೊಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿಕೊಂಡು ಹೆಂಡತಿಯೊಡನೆ ದೇಶ ಸುತ್ತಲು ಸಿದ್ಧರಾಗಿದ್ದರು. ವ್ಯಾನು ನುಗ್ಗದ ಸಂದಿಗಳಿಗೆ ಬೈಕು ಬೇಕು. ಆ ಬೈಕನ್ನು ಅಡ್ಡಲಾಗಿ ಹೊರಲು ವ್ಯಾನಿನ ಹಿಂದೆ ಕಬ್ಬಿಣದ ತೊಟ್ಟಿಲು ಬೇಕು. ತೊಟ್ಟಿಲಿನ ನಕ್ಷೆ ನನ್ನದು.

ಮೇಷ್ಟ್ರ ಷರತ್ತು: ಬೈಕು ಹೇರಿದ ವ್ಯಾನನ್ನು ಹೊನ್ನಾಳಿ, ನ್ಯಾಮತಿ ಸುತ್ತಿಸಿ ಜಗಳೂರಿಗೆ ತಂದೊಪ್ಪಿಸಬೇಕು; ಬೈಕು ಅಲ್ಲಾಡಕೂಡದು. ಗೇಣಿನಲ್ಲಿ ಅಳೆಯುವ ನಮ್ಮ ಮಾಲೀಕರ ಷರತ್ತು ಇನ್ನೂ ಸರಳ: "ಅಲ್ಲಾಡ್ತು ಅಂತ ಮೇಷ್ಟ್ರು ಅಂದ್ರೆ, ನೀನು ಸಾಯೋತನಕ ಕಿಟಕಿ ಸರಳು."

ಬಸವಾಪಟ್ಟಣ: ಕೇಳದ ಚಿಕಿತ್ಸೆ

ವ್ಯಾನು ನಿಲ್ಲಿಸಿ ನಾನು ಚಹಾ ಕುಡಿದು ಬರುವಷ್ಟರಲ್ಲಿ ಎದುರಿನ ಗ್ಯಾರೇಜಿನವನು ಬೈಕಿನ ಪ್ಲಗ್ಗು ಬಿಚ್ಚಿ ಊದುತ್ತಿದ್ದ.

"ಕೆಟ್ಟಿಲ್ಲ ಕಣ್ರೀ," ಎಂದೆ.

"ಕೆಡದಿರೋ ಗಾಡೀನ ಯಾರಾದ್ರೂ ಹೊತ್ಕಂಡು ಹೋಗ್ತಾರೇನ್ರೀ?"

ಉಜ್ಜಿ, ಕೂಡಿಸಿ, ತೊಟ್ಟಿಲಿನ ಮೇಲೆಯೇ ಒಂದು ಕಿಕ್ ಕೊಟ್ಟ. ಕೆಡದಿದ್ದ ಬೈಕು ಸಹಜವಾಗಿಯೇ ಶುರುವಾಯಿತು. ನೆರೆದವರು ಚಪ್ಪಾಳೆ ತಟ್ಟಿದರು.

"ನೋಡ್ರಿ, ಜೀವ ಬಂತು. ಇಳಿಸಿ ಓಡಿಸ್ಕಂಡು ಹೋಗ್ರಿ."

"ಮತ್ತೆ ವ್ಯಾನು?"

"ಅದೂ ಕೆಟ್ಟೈತಾ?" ಎನ್ನುತ್ತಾ ಅವನು ಸ್ಪ್ಯಾನರ್ ಹಿಡಿದು ಬಾನೆಟ್ಟಿನ ಕಡೆ ನಡೆದ.

ಹೊನ್ನಾಳಿ: ಹಾರದ ಪ್ರಶ್ನೆ

ಕಲ್ಯಾಣ ಮಂಟಪವೊಂದರ ಮುಂದೆ ದಟ್ಟಣೆಯಲ್ಲಿ ಸಿಕ್ಕಿಕೊಂಡೆ. ಪೇಟ ಸುತ್ತಿದ್ದ ಹಿರಿಯರೊಬ್ಬರು ವ್ಯಾನನ್ನು ಒಳಕ್ಕೆ ಕರೆದು, ನಾನು ಇಳಿಯುವ ಮೊದಲೇ ಬೈಕಿಗೆ ಚೆಂಡುಹೂವಿನ ಹಾರ ಹಾಕಿಸಿದರು. ಅವರು ವರನ ಸೋದರಮಾವ ಎಂಬುದು ಮುಂದಿನ ಮಾತಿನಿಂದ ತಿಳಿಯಿತು.

"ಬೀಗರು ಬಾಯಿ ಬಿಟ್ಟು ಹೇಳಲಿಲ್ಲ ನೋಡು! ಮೈಲೇಜ್ ಎಷ್ಟು ಕೊಡ್ತತಪ್ಪಾ?"

ಅವರ ಹಿಂದೆ ನಿಂತಿದ್ದ ವಧುವಿನ ತಂದೆಯ ಮುಖ ಬಿಳುಚಿಕೊಂಡಿತು. ಯಾರು ಕಳಿಸಿದ್ದೆಂದು ಅವರು ನನ್ನನ್ನು ಕಣ್ಣಲ್ಲೇ ಕೇಳುತ್ತಿದ್ದರು.

"ಇದು ಜಗಳೂರಿನ ಮೇಷ್ಟ್ರ ಬೈಕು. ವರದಕ್ಷಿಣೆ ಅಪರಾಧ," ಎಂದೆ.

"ಅಲ್ಲ ಅಂದ್ರೆ ಅಲ್ಲ ಅನ್ರಿ, ಕಾನೂನ್ಯಾಕೆ ಓದ್ತೀರಿ?" ಎಂದು ಸೋದರಮಾವ ಹಾರವನ್ನು ಬಿಚ್ಚಿಕೊಂಡು ಹೋದರು. ವಧುವಿನ ತಂದೆ ಮಾತ್ರ ನನ್ನನ್ನು ಎಳೆದೊಯ್ದು ಎಲೆಯ ಮುಂದೆ ಕೂರಿಸಿದರು. ತಾವೇ ಮೂರು ಹೋಳಿಗೆ ಬಡಿಸಿ, ಕಿವಿಯಲ್ಲಿ ಹೇಳಿದರು: "ಉಣ್ಣಪ್ಪಾ. ಬೆಳಿಗ್ಗಿಂದ ಬಂದೋರಲ್ಲಿ, ತಂದಿದ್ದನ್ನ ವಾಪಸ್ ಒಯ್ತೀನಿ ಅಂದೋನು ನೀನೊಬ್ನೇ."

ಸವಳಂಗ: ಹಗ್ಗದ ಶಾಸ್ತ್ರ

ನ್ಯಾಮತಿ ದಾಟಿ ಸವಳಂಗದಲ್ಲಿ, ಬೈಕನ್ನು ತೊಟ್ಟಿಲಿಗೆ ಬಿಗಿದಿದ್ದ ಹಗ್ಗ ಪರೀಕ್ಷಿಸಲು ನಿಂತೆ. ಹುಲ್ಲಿನ ಲೋಡು ಕಟ್ಟುವವನೊಬ್ಬ ನನ್ನ ಗಂಟುಗಳನ್ನು ಮರುಕದಿಂದ ನೋಡಿ, ಎಲ್ಲವನ್ನೂ ಬಿಚ್ಚಿ ತನ್ನ ರೀತಿಯಲ್ಲಿ ಬಿಗಿದ. ಎಳೆದು ನೋಡಿದೆ, ಕದಲಲಿಲ್ಲ.

"ಇದನ್ನು ಬಿಚ್ಚುವುದು ಹೇಗೆ?" ಎಂದೆ.

"ಕಟ್ಟಾಕೆ ನಾನು. ಬಿಚ್ಚಾಕೆ ನಮ್ಮಪ್ಪ."

"ಅವರೆಲ್ಲಿ?"

"ಶಿಕಾರಿಪುರಕ್ಕೆ ಹೋಗ್ಯಾನೆ. ನಾಡಿದ್ದು ಬರ್ತಾನೆ, ಕುಂದ್ರಿ."

ಜಗಳೂರು: ಅಂತಿಮ ಪರೀಕ್ಷೆ

ಹೊನ್ನಾಳಿಗೆ ಮರಳಿ, ದಾವಣಗೆರೆ ಹಾದು ಬಂದೆ. ಜಗಳೂರು ಇನ್ನು ಅರ್ಧ ಗಂಟೆಯ ದಾರಿ ಇರುವಾಗ ಟಯರಿಗೆ ಗಾಳಿ ಹಿಡಿಸಲು ನಿಂತೆ. ಮೆಣಸಿನಕಾಯಿ ಚೀಲ ಹಿಡಿದ ದಂಪತಿಗಳು ಬಸ್ಸಿಗೆ ಕಾದಿದ್ದರು.

"ಜಗಳೂರಿಗಾ?" ಎಂದು ಗಂಡ ಕೇಳಿದ.

"ಹೌದು," ಎಂದೆ.

ನಮ್ಮ ಸೀಮೆಯಲ್ಲಿ ವಾಹನ ಹೋಗುವ ಊರನ್ನು ಹೇಳಿದರೆ ಹತ್ತಲು ಅನುಮತಿ ಕೊಟ್ಟಂತೆ. ನಾಲ್ಕು ವರ್ಷದ ಕಾಲೇಜು ನನಗೆ ಇದನ್ನು ಮರೆಸಿತ್ತು. ವ್ಯಾನಿನ ಬಾಗಿಲಿಗೆ ಬೀಗವಿತ್ತು. ನಾನು ಹಿಂದಿರುಗಿ ನೋಡದೆ ಹೊರಟೆ.

ನನ್ನನ್ನು ಹಿಂದಿಕ್ಕಿದವರೆಲ್ಲ ನಗುತ್ತಾ ಕೈ ಬೀಸಿದರು. ತೊಟ್ಟಿಲಿಗೆ ಕಡೆಗೂ ಮನ್ನಣೆ ದೊರೆಯಿತೆಂದು ಪ್ರತಿಯೊಬ್ಬರಿಗೂ ಗಂಭೀರವಾಗಿ ತಲೆಬಾಗಿದೆ.

ಮೇಷ್ಟ್ರು ಗೇಟಿನಲ್ಲೇ ಕಾದಿದ್ದರು. ವ್ಯಾನಿನ ಹಿಂದಕ್ಕೆ ಹೋದವರು ಅಲ್ಲೇ ನಿಂತುಬಿಟ್ಟರು. ನಾನೂ ಹೋಗಿ ನೋಡಿದೆ. ಬೈಕಿನ ಮೇಲೆ, ರಸ್ತೆಬದಿಗೆ ಮುಖ ಮಾಡಿ, ಗಂಡ ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಹಿಡಿದು ಕೂತಿದ್ದ. ಹಿಂದೆ ಹೆಂಡತಿ, ತಲೆ ಮೇಲೆ ಸೆರಗು, ಮಡಿಲಲ್ಲಿ ಚೀಲ. ನನ್ನ ಲೆಕ್ಕ ಇದ್ದದ್ದು ಒಂದು ಬೈಕಿನ ಭಾರಕ್ಕೆ. ಕಿಟಕಿ ಸರಳುಗಳು ಕಣ್ಣ ಮುಂದೆ ಸಾಲಾಗಿ ನಿಂತವು.

ಮೇಷ್ಟ್ರು ನನ್ನನ್ನು ಕೇಳಲಿಲ್ಲ. ಆತನನ್ನೇ ಕೇಳಿದರು: "ಗಾಡಿ ಅಲ್ಲಾಡ್ತೇನಪ್ಪಾ?"

"ಬಂಡೆ ಇದ್ದಂಗೈತೆ ಸಾ. ಅಲ್ಲಾಡೋ ಮಾತೇ ಇಲ್ಲ."

"ಇಬ್ಬರನ್ನು ಹೊತ್ತೂ ಅಲ್ಲಾಡಿಲ್ಲ ಅಂದ್ರೆ ತೊಟ್ಟಿಲು ಪಾಸು," ಎಂದು ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ನಾನು ಅಂದು ಮೊದಲ ಸಲ ಉಸಿರು ಬಿಟ್ಟೆ.

"ಆದ್ರೆ ಬ್ರೇಕು ಸರಿ ಇಲ್ಲ ಸಾ," ಎಂದ ಆತ, ಇಳಿಯುತ್ತಾ. "ಹಂಪ್ ಬಂದಾಗೆಲ್ಲ ಕಾಲಿಟ್ಟು ತುಳಿದೆ. ಒಂದಕ್ಕೂ ನಿಲ್ಲಲಿಲ್ಲ."

"ಬ್ರೇಕ್ ಮ್ಯಾಲೆ ಯಾಕ್ ಹಾಕ್ತೀರಿ?" ಹೆಂಡತಿ ಚೀಲ ಕೊಡವಿಕೊಂಡು ಸಿಡುಕಿದಳು. "ನಿಧಾನಕ್ಕೆ ಓಡಿಸ್ರಿ ಅಂತ ನಾನು ಅಲ್ಲಿಂದ ಬಡ್ಕಂಡೆ. ಕೇಳಿದ್ರಾ?"