ದಿಬ್ಬೂರಹಳ್ಳಿಯ ಬೆಂಕಿಗೆ ಯಜಮಾನರು ಯಾರು?

ನನಗೊಂದು ಕೆಟ್ಟ ಚಾಳಿ ಇದೆ. ಎಲ್ಲಾದರೂ ಅನಾಹುತವಾದರೆ ಜನ ಏನಾಯಿತೆಂದು ನೋಡುತ್ತಾರೆ. ನಾನು ಅಲ್ಲಿ ಯಜಮಾನರು ಯಾರೆಂದು ಹುಡುಕುತ್ತೇನೆ. ಮನೆಯಲ್ಲಿ ಹಾಲು ಉಕ್ಕಿದರೂ ಅಷ್ಟೆ. ಅದನ್ನು ಇಳಿಸಬೇಕಾದವರು ಯಾರೆಂದು ಯೋಚಿಸುವಷ್ಟರಲ್ಲಿ ಪಾತ್ರೆ ತಳ ಹತ್ತಿರುತ್ತದೆ. ನನ್ನ ಹೆಂಡತಿ ನನ್ನನ್ನು ಒಲೆಯ ಕಾವಲಿಗೆ ಕೂರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು.

ಈ ಚಾಳಿ ಅಂಟಿದ್ದು ಐವತ್ತರ ದಶಕದಲ್ಲಿ, ನಾನು ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ. ಬೆಂಕಿ, ನೆರೆ ಬಂದಾಗ ಯಾರು ಯಾರಿಗೆ ಹುಕುಂ ಮಾಡಬೇಕೆಂಬ ಸುತ್ತೋಲೆಯೊಂದು ಬಂದಿತ್ತು. ಅದನ್ನು ದುಂಡಗೆ ನಕಲು ಮಾಡಿದವನು ನಾನೇ. ತಾಲ್ಲೂಕಿನ ಅಮಲ್ದಾರರು ಬರುವವರೆಗೆ ಹೋಬಳಿಯ ಶೇಕ್‌ದಾರರು, ಶೇಕ್‌ದಾರರು ಬರುವವರೆಗೆ ಊರಿನ ಪಟೇಲರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಎಲ್ಲರೂ ಒಟ್ಟಿಗೇ ಇದ್ದು ಯಾರಿಗೂ ಬೆಂಕಿ ಆರಿಸಲು ಬರದಿದ್ದರೆ ಏನು ಮಾಡಬೇಕೆಂದು ಮಾತ್ರ ಅದರಲ್ಲಿ ಇರಲಿಲ್ಲ.

ಒಂದು ಮಧ್ಯಾಹ್ನ ಶೇಕ್‌ದಾರರ ಜೊತೆ ದಿಬ್ಬೂರಹಳ್ಳಿಗೆ ಹೋಗಿದ್ದೆ. ಪಟೇಲರ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿರುವಾಗಲೇ ಎದುರಿನ ರಾಗಿಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬಣವೆಯ ಪಕ್ಕದಲ್ಲೇ ಮುನಿಯಮ್ಮ ಎಂಬ ವಿಧವೆಯ ಹುಳುಮನೆ. ಸೋಗೆಯ ಸೂರು. ಒಳಗೆ ಆಕೆಯ ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆ: ರೇಷ್ಮೆಹುಳುಗಳು ಅಂದೇ ಬೆಳಿಗ್ಗೆ ಬಿದಿರಿನ ಚಂದ್ರಿಕೆಗಳ ಮೇಲೇರಿ ಗೂಡು ಕಟ್ಟತೊಡಗಿದ್ದವು. ಕಿಡಿ ಆ ಸೂರಿಗೆ ಹಾರಿದರೆ ಆಕೆಗೆ ಆ ವರ್ಷ ಬೇರೆ ದಿಕ್ಕಿರಲಿಲ್ಲ.

ಊರೇ ಬಿಂದಿಗೆ ಹಿಡಿದು ಓಡಿ ಬಂತು. ಪಟೇಲರು ಬಾವಿಯಿಂದ ಸಾಲು ನಿಲ್ಲಿ ಎಂದರು. ಸೈನ್ಯದ ಪಟಾಲಮ್ಮಿನಿಂದ ಬಂದಿದ್ದ ಮಾಜಿ ಹವಾಲ್ದಾರರು ನೀರಿನ ಕುಂಟೆಯಿಂದ ಎಂದು ಹಿಂದಿಯಲ್ಲಿ ಗರ್ಜಿಸಿದರು. ಮನೆಯಲ್ಲಿ ತೆಲುಗಾಡುವ ಜನ ಅರ್ಥವಾದಷ್ಟು ಮಾಡಿದರು. ಸಾಲು ಎರಡಾಯಿತು, ತುಂಬಿದ ಬಿಂದಿಗೆಗಳು ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿ ಬಾವಿಯ ಕಡೆಗೇ ವಾಪಸು ಹೊರಟವು. ಶೇಕ್‌ದಾರರು ನನ್ನ ಕಡೆ ತಿರುಗಿ ಸುತ್ತೋಲೆ ತೆಗೆಯಲು ಹೇಳಿದರು. ನಾನು ಚೀಲ ತಡಕತೊಡಗಿದೆ.

ಅಷ್ಟರಲ್ಲಿ ನಾಲ್ವರು ಗಂಡಸರು ಚಂದ್ರಿಕೆಗಳನ್ನು ಉಳಿಸಲು ಬಿಂದಿಗೆ ಸಮೇತ ಹುಳುಮನೆಗೆ ನುಗ್ಗಿದರು. ನುಗ್ಗಿದವರು ಹೊಸ್ತಿಲಲ್ಲಿ ಗಕ್ಕನೆ ನಿಂತರು. ಕಾಲು ತೊಳೆಯದೆ ಹುಳುಮನೆಗೆ ಕಾಲಿಟ್ಟರೆ ಹುಳುವಿಗೆ ರೋಗ ತಗಲುತ್ತದೆಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು. ಬೆಂಕಿಗೆಂದು ತಂದ ನೀರನ್ನು ನಾಲ್ವರೂ ಶ್ರದ್ಧೆಯಿಂದ ತಮ್ಮ ಪಾದಗಳಿಗೆ ಸುರಿದುಕೊಂಡರು, ಹಿಮ್ಮಡಿ ಕೂಡ ಬಿಡಲಿಲ್ಲ. ಹಿಂದೆ ಬಂದವರೂ ತಮ್ಮ ಸರದಿಗೆ ಕಾದು ನಿಂತರು.

ಊರಿಗೆಲ್ಲ ಈ ಕಟ್ಟುನಿಟ್ಟು ಕಲಿಸಿದ್ದೇ ಮುನಿಯಮ್ಮ. ಆಕೆಯೇ ಈಗ ಬಾಗಿಲಿಗೆ ಬಂದು, "ಕಾಲು ತೊಳ್ದಿದ್ದು ಸಾಕು ಕಣ್ರಪ್ಪಾ, ಸೂರು ನೆನೆಸ್ರಿ" ಎಂದಳು. ದನಿ ಏರಿಸಲಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಹೇಳಿದಳು. ಪಟೇಲರು ಬಾವಿಯ ಹಗ್ಗ ಹಿಡಿದರು, ಹವಾಲ್ದಾರರು ಸೂರಿನ ಮೇಲಿದ್ದರು, ಶೇಕ್‌ದಾರರು ತಮ್ಮ ಕೊಡೆಯಿಂದ ಕಿಡಿ ಬಡಿಯುತ್ತಿದ್ದರು. ಕೊನೆಗೆ ಆಕೆ ನನ್ನನ್ನು ನೋಡಿದಳು.

"ಸ್ವಾಮಿ, ಆ ಕಾಗದ ಆಮೇಲೆ ಓದ್ಕೊಳ್ಳಿ. ಈ ಚಂದ್ರಿಕೆ ಹಿಡ್ಕೊಳ್ಳಿ, ಅಲ್ಲಾಡಿಸ್ಬೇಡಿ."

ಬಣವೆ ಉರಿದು ಬೂದಿಯಾಯಿತು, ಹುಳುಮನೆ ಉಳಿಯಿತು.

ಮರುದಿನ ವರದಿ ಬರೆಯುವಾಗ ನೇತೃತ್ವ ವಹಿಸಿದವರು ಎಂಬಲ್ಲಿ ಮುನಿಯಮ್ಮ ಎಂದು ಬರೆದೆ. ಸುತ್ತೋಲೆಯಲ್ಲಿ ಅಂಥ ಹುದ್ದೆಯೇ ಇಲ್ಲವೆಂದು ಶೇಕ್‌ದಾರರು ಹೊಡೆದುಹಾಕಿದರು. ಪಟೇಲರ ಹೆಸರು ಅವರಿಗೆ ಒಪ್ಪಿಗೆಯಿಲ್ಲ, ಅವರ ಹೆಸರು ಪಟೇಲರಿಗೆ ಒಪ್ಪಿಗೆಯಿಲ್ಲ. ಕೊನೆಗೆ ಯಾರಿಗೂ ನೋವಾಗದ ಹೆಸರೆಂದು ನನ್ನದನ್ನೇ ಬರೆಸಿದರು. ನಾನೂ ಬರೆದೆ. ಮುಂದಿನ ತಿಂಗಳು ಅಮಲ್ದಾರರಿಂದ ನನಗೆ ಪ್ರಶಂಸಾಪತ್ರ ಬಂತು.

ನಾಚಿಕೆಯಿಂದ ಒಂದು ವಾರ ನಿದ್ದೆ ಹತ್ತಲಿಲ್ಲ. ತಪ್ಪೊಪ್ಪಿಕೊಳ್ಳೋಣವೆಂದು ಆ ಪತ್ರ ಹಿಡಿದು ದಿಬ್ಬೂರಹಳ್ಳಿಗೆ ಹೋದೆ. ಮುನಿಯಮ್ಮ ಹುಳುಮನೆಯೊಳಗೆ ಕೂತು ಹೊಸ ಹುಳುಮರಿಗಳಿಗೆ ಸೊಪ್ಪು ಕತ್ತರಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಆಕೆ ಕೈಕೆಲಸ ಬಿಡದೆ, "ಇರ್ಲಿ ಬಿಡಿ ಸ್ವಾಮಿ, ಗೂಡು ಚೆನ್ನಾಗ್ ಬಂತು" ಎಂದಳು. ಸಮಾಧಾನದಿಂದ ಒಳಗೆ ಹೆಜ್ಜೆ ಇಡಲು ಹೋದೆ.

"ಕಾಲು" ಎಂದಳು ಮುನಿಯಮ್ಮ, ತಲೆಯೆತ್ತದೆ.

ಪ್ರಶಂಸಾಪತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೊಸ್ತಿಲ ಪಕ್ಕದ ಬಿಂದಿಗೆ ಬಗ್ಗಿಸಿ, ಹಿಮ್ಮಡಿಯನ್ನೂ ಬಿಡದೆ ತೊಳೆದುಕೊಂಡೆ.